ದ್ರೌಪದಮ್ಮ ಕಂಡ ಅಚ್ಚು

ಗವಿಪುರದಲ್ಲಿ ಹುಟ್ಟಿ ಬೆಳೆದವರಿಗೆ ಬಿಸಿಲಿನ ವಿಷಯದಲ್ಲಿ ಒಂದು ಸಣ್ಣ ಜಂಬ ಇರುತ್ತದೆ. ವರ್ಷವಿಡೀ ಕತ್ತಲಲ್ಲಿ ಕೂತಿರುವ ಗವಿ ಗಂಗಾಧರೇಶ್ವರನ ಮೇಲೆ ಸಂಕ್ರಾಂತಿಯ ಸಂಜೆ ಒಂದಿಷ್ಟು ಹೊತ್ತು ಬಿಸಿಲು ಬೀಳುತ್ತದಲ್ಲ, ಅದನ್ನು ನೋಡಲು ಊರೆಲ್ಲ ಬಂದು ನೂಕಾಡುತ್ತದಲ್ಲ, ಆ ಬಿಸಿಲು ತಮ್ಮ ಹಿತ್ತಲಲ್ಲೇ ಬೆಳೆದದ್ದು ಅನ್ನುವ ಹಾಗೆ ಮಾತಾಡುತ್ತಾರೆ. ಮುನಿಗಂಗಪ್ಪನೂ ಹಾಗೇ. "ಬಿಸಿಲಿಗೆ ತನ್ನ ಜಾಗ ಗೊತ್ತು, ತನ್ನ ದಿನ ಗೊತ್ತು. ನಾವು ಹೋಗಿ ಕಾದಿರಬೇಕು ಅಷ್ಟೆ" ಎಂದು ಗಾಂಧಿಬಜಾರಿನಲ್ಲಿ ಸೊಪ್ಪು ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ತಲೆಯಾಡಿಸಿ ಕರಿಬೇವು ಕೊಸರು ಹಾಕಿಸಿಕೊಂಡು ಹೋಗುತ್ತಿದ್ದರು.

ಅವನ ಕಸುಬು ಸೊಪ್ಪು ತರಕಾರಿ, ಅಪ್ಪನ ಕಾಲದಿಂದ ಬಂದದ್ದು. ಆದರೆ ಬಸವನಗುಡಿ, ತ್ಯಾಗರಾಜನಗರದ ಮನೆಗಳಲ್ಲಿ ಅವನಿಗೆ ಹೆಸರು ಬಂದದ್ದು ಸಕ್ಕರೆ ಅಚ್ಚಿನಿಂದ. ಸಂಕ್ರಾಂತಿಗೆ ಎಳ್ಳು ಬೆಲ್ಲದ ಜೊತೆ ಬೀರುವ ಸಕ್ಕರೆ ಗೊಂಬೆಗೆ ಮರದ ಅಚ್ಚು ಬೇಕು. ಎರಡು ಹೋಳು ಮರದೊಳಗೆ ಗೊಂಬೆಯ ಆಕಾರವನ್ನು ತಗ್ಗಾಗಿ ಕೆತ್ತಿರುತ್ತಾರೆ. ಎರಡನ್ನೂ ಜೋಡಿಸಿ, ದಾರ ಬಿಗಿದು, ಮೇಲಿನ ತೂತಿನಿಂದ ಪಾಕ ಹುಯ್ದು ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿದರೆ ಬೆಳ್ಳಗಿನ ಗೊಂಬೆ. ಹದಿನೆಂಟನೇ ವಯಸ್ಸಿನಲ್ಲಿ ಚಾಮರಾಜಪೇಟೆಯ ಒಬ್ಬ ಆಚಾರಿಯ ಮನೆಗೆ ತರಕಾರಿ ಹಾಕಲು ಹೋಗಿ, ಅಲ್ಲೇ ಕೂತು, ಬೈಸಿಕೊಂಡು ಕಲಿತ ವಿದ್ಯೆ ಅದು.

ಬೇರೆಯವರ ಅಚ್ಚಿನಲ್ಲಿ ಆನೆ, ಗಿಣಿ, ಬೃಂದಾವನ, ಗೋಪುರ. ಮುನಿಗಂಗಪ್ಪನ ಹತ್ತಿರ ಅವೆಲ್ಲ ಇದ್ದವು, ಜೊತೆಗೆ ವರ್ಷಕ್ಕೊಂದು ಹೊಸದು ಇರುತ್ತಿತ್ತು. ಒಂದು ವರ್ಷ ಹುಳ ಕೊರೆದ ತೂತಿನ ಸಮೇತ ಅವರೆಕಾಯಿ. ಒಂದು ವರ್ಷ ಕೊತ್ತಂಬರಿ ಕಟ್ಟಿನ ಮೇಲೆ ಹತ್ತಿದ ಬಸವನಹುಳ. ಚೆಂಡುಹೂವಿನ ರಾಶಿಯಲ್ಲಿ ಸುತ್ತಿಕೊಂಡು ಮಲಗಿದ ಬೀದಿನಾಯಿ. ಮಳೆಗಾಲದಲ್ಲಿ ಒಲೆಯ ಪಕ್ಕ ಒಣಗಲು ಇಟ್ಟ ಮಗುವಿನ ಚಪ್ಪಲಿ, ಒಂದೇ ಒಂದು. ಡಿಸೆಂಬರ್ ಬಂತೆಂದರೆ ಗಿರಾಕಿಗಳು ಮೂಲಂಗಿಗಿಂತ ಮೊದಲು ಇದನ್ನು ಕೇಳುತ್ತಿದ್ದರು: "ಈ ವರ್ಷದ್ದು ಏನಪ್ಪಾ?"

ಈಗ ನಿಜ ಹೇಳಬೇಕು. ಇವುಗಳಲ್ಲಿ ಒಂದನ್ನೂ ಮುನಿಗಂಗಪ್ಪ ತಾನಾಗಿ ಕಂಡವನಲ್ಲ. ಎಲ್ಲವನ್ನೂ ಕಂಡವಳು ಅವನ ಹೆಂಡತಿ ದ್ರೌಪದಮ್ಮ. ಪಾತ್ರೆ ತಿಕ್ಕುತ್ತಲೋ, ಕಾಫಿಗೆ ಹಾಲು ಕಾಯಿಸುತ್ತಲೋ ಇದ್ದವಳು ಥಟ್ಟನೆ ಕೈ ನಿಲ್ಲಿಸಿ, "ನೋಡಿಲ್ಲಿ" ಅನ್ನುತ್ತಿದ್ದಳು. ಅಷ್ಟೇ ಮಾತು. ಅವನು ಬಂದು ನೋಡುತ್ತಿದ್ದ, ನೋಡಿದ ಕೂಡಲೇ ಅವನ ಬೆರಳಿಗೆ ಅದು ಹತ್ತಿಬಿಡುತ್ತಿತ್ತು. ಕಣ್ಣು ಅವಳದು, ಉಳಿ ಅವನದು. ನಲವತ್ತೆರಡು ವರ್ಷ ಹೀಗೇ ನಡೆದು ನಡೆದು, ಕಣ್ಣೂ ತನ್ನದೇ ಅಂತ ಅವನು ನಂಬಿಕೊಂಡಿದ್ದ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಮೂರು ವರ್ಷದ ಹಿಂದೆ ಭಾಗೀರಥಮ್ಮನವರ ಮೊಮ್ಮಗಳು ಸುಪ್ರಜಾ ಅವನ ಅಚ್ಚುಗಳ ವಿಡಿಯೋ ಮಾಡಲು ಮನೆಗೆ ಬಂದಳು. ಭಾಗೀರಥಮ್ಮ ಬಸವನಗುಡಿಯ ನಿವೃತ್ತ ಟೀಚರು, ಹಳೆಯ ಗಿರಾಕಿ. ಹುಡುಗಿ ಫೋನು ಹಿಡಿದು, "ತಾತ, ಇಷ್ಟೊಂದು ಐಡಿಯಾ ನಿಮಗೆ ಎಲ್ಲಿಂದ ಬರುತ್ತೆ? ಸ್ಫೂರ್ತಿ ಏನು?" ಎಂದು ಕೇಳಿದಳು. ಮುನಿಗಂಗಪ್ಪ ಶಾಲು ಸರಿಮಾಡಿಕೊಂಡು, ಯಾವುದೋ ಸಭೆಯಲ್ಲಿ ಕೇಳಿದ್ದ ಮಾತನ್ನು ಒಪ್ಪಿಸಿದ: "ಪ್ರಕೃತೀನೇ ನನ್ನ ಗುರು ಕಣಮ್ಮ." ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ದ್ರೌಪದಮ್ಮ ಲೋಟ ಇಟ್ಟು ಒಳಗೆ ಹೋದಳು. ಸಂಜೆ ನೆನೆಸಿದ ಅವರೆಕಾಳಿನ ಸಿಪ್ಪೆ ಚಿಲುಕಿಸುತ್ತ ಕೂತಾಗ, "ಆ ಪ್ರಕೃತಿ ಅನ್ನೋಳು ಯಾವ ಬೀದಿಯವಳು? ನಾನು ನೋಡೇ ಇಲ್ವಲ್ಲ" ಅಂದಳು. ಅವನು ಜೋರಾಗಿ ನಕ್ಕ. ಅವಳೂ ನಕ್ಕಳು, ಆದರೆ ಬೇಗ ನಿಲ್ಲಿಸಿದಳು. ಆ ವಿಡಿಯೋ ಎಷ್ಟೋ ಸಾವಿರ ಜನ ನೋಡಿದರಂತೆ, ಅದರಲ್ಲಿ ದ್ರೌಪದಮ್ಮನ ಕೈ ಮತ್ತು ಕಾಫಿ ಲೋಟ ಎರಡು ಕ್ಷಣ ಬರುತ್ತದೆ.

ಹೋದ ವರ್ಷಕ್ಕೂ ಹಿಂದಿನ ವರ್ಷದ ದೀಪಾವಳಿ ಕಳೆದು ವಾರಕ್ಕೆ ಅವಳಿಗೆ ಲಕ್ವ ಹೊಡೆಯಿತು. ಎಡಭಾಗ ಪೂರ್ತಿ ಹೋಯಿತು, ಕತ್ತು ಹೊರಳುತ್ತಿರಲಿಲ್ಲ, ಮಾತು ಸ್ವಲ್ಪ ತೊದಲುತ್ತಿತ್ತು. ಮುನಿಗಂಗಪ್ಪ ನೋಡಿಕೊಳ್ಳಲಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಗಾಂಧಿಬಜಾರಿನ ಅಂಗಡಿಯನ್ನು ಮಗಳು ವಿನುತಾ, ಅಳಿಯ ಯೋಗಾನಂದನಿಗೆ ಒಪ್ಪಿಸಿ ಮನೆಯಲ್ಲೇ ನಿಂತ. ಆ ಇಬ್ಬರೂ ಇರುವುದು ಅದೇ ಮನೆಯ ಮಹಡಿಯಲ್ಲಿ. ಮಂಚವನ್ನು ಪೂರ್ವದ ಕಿಟಕಿಯ ಕೆಳಗೆ ಹಾಕಿಸಿ, ತಲೆದೆಸೆ ಕಿಟಕಿಗೆ ಬರುವಂತೆ ಮಲಗಿಸಿದ. "ಹೊಂಗೆ ಮರ ಕಾಣುತ್ತೆ, ಗಾಳಿ ಬೆಳಕು ಬರುತ್ತೆ, ನೋಡ್ಕೊಂಡು ಮಲ್ಗಿರು" ಅಂದ. ನೋಡಲು ಬಂದ ನೆಂಟರಿಗೆಲ್ಲ ಆ ಕಿಟಕಿಯನ್ನು ತೋರಿಸಿದ. ಎಲ್ಲರೂ ಒಳ್ಳೆ ಕೆಲಸ ಮಾಡಿದೆ ಅಂದರು.

ಫೆಬ್ರವರಿ ಇಪ್ಪತ್ತಾರರ ಬೆಳಿಗ್ಗೆ ಏಳೂಕಾಲರ ಹೊತ್ತು. ಮುನಿಗಂಗಪ್ಪ ಎದುರಿನ ಬಾಗಿಲ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂತು, ಅಂಗಡಿಗೆ ಹೋಗಬೇಕಾದ ಸಬ್ಬಸಿಗೆ ಸೊಪ್ಪನ್ನು ಕಟ್ಟು ಕಟ್ಟುತ್ತಿದ್ದ. ಒಳಗಿನಿಂದ ದ್ರೌಪದಮ್ಮ ಕರೆದಳು. "ನೋಡಿಲ್ಲಿ. ಈ ವರ್ಷದ ಅಚ್ಚು ಇಲ್ಲೇ ಇದೆ." ಕಾಯಿಲೆ ಬಿದ್ದ ಮೇಲೆ ಅವಳು ಹಾಗೆ ಕರೆದದ್ದು ಅದೇ ಮೊದಲು. ಧ್ವನಿಯಲ್ಲಿ ಗೆಲುವಿತ್ತು. ಅವನು ತಿರುಗಲಿಲ್ಲ. "ಬಂದೆ ತಾಳು, ಇದೊಂದು ನಾಲ್ಕು ಕಟ್ಟು ಮುಗಿಸ್ತೀನಿ" ಅಂದ. ನಾಲ್ಕು ಕಟ್ಟು ಹತ್ತಾಯಿತು. ಕೈ ಒರೆಸಿಕೊಂಡು ಒಳಗೆ ಹೋದಾಗ ಅವಳು ಕಣ್ಣು ಮುಚ್ಚಿದ್ದಳು. "ಏನದು?" ಅಂದ. "ಬಿಸಿಲು ಹೋಯ್ತು. ನಾಳೆ ತೋರಿಸ್ತೀನಿ ಬಿಡಿ" ಅಂದಳು.

ಅವತ್ತು ರಾತ್ರಿಯೇ ಎರಡನೇ ಸಲ ಲಕ್ವ ಹೊಡೆದು ಮಾತು ನಿಂತಿತು. ಇಪ್ಪತ್ತೆಂಟಕ್ಕೆ ಉಸಿರು ನಿಂತಿತು.

ಹದಿಮೂರನೇ ದಿನದ ಊಟ ಮುಗಿಯುವವರೆಗೂ ಮುನಿಗಂಗಪ್ಪ ಗಟ್ಟಿಯಾಗಿದ್ದ. ಹದಿನಾಲ್ಕನೇ ದಿನ ಉಳಿ ಚೀಲ ಕಣ್ಣಿಗೆ ಬಿತ್ತು, ಅದನ್ನು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ. ಅವಳು ಏನು ಕಂಡಳು? ಒಂದೇ ಒಂದು ಸಲ ಕತ್ತು ತಿರುಗಿಸಿದ್ದರೆ ಸಾಕಿತ್ತು, ತಿರುಗಿಸಲಿಲ್ಲ. ಅವನ ಕತ್ತಿಗೇನೂ ಲಕ್ವ ಹೊಡೆದಿರಲಿಲ್ಲವಲ್ಲ. ವಿನುತಾ ಬಂದು ಕೇಳಿದಾಗ ಅವನು ಹೇಳಿದ್ದು ಇಷ್ಟು: "ವರ್ಷದ ಎಡೆಗೆ ಆ ಅಚ್ಚು ಹುಯ್ದು ಇಡ್ತೀನಿ. ಅವಳು ಕಂಡಿದ್ದನ್ನ ಅವಳಿಗೆ ಕೊಡ್ತೀನಿ. ಅಷ್ಟು ಮಾಡ್ದಿದ್ರೆ ನಾನ್ಯಾಕೆ ಬದುಕಿರ್ಬೇಕು." ವರ್ಷದ ಎಡೆ ಅಂದರೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯಲ್ಲಿಟ್ಟು, ಅವರು ಬಂದು ಉಣ್ಣಲಿ ಅಂತ ಎಲ್ಲರೂ ಹೊರಗೆ ಕಾಯುವ ದಿನ. ದ್ರೌಪದಮ್ಮನ ಅಣ್ಣ ಬೈರಯ್ಯ ಇದನ್ನು ಕೇಳಿ, "ಸಕ್ಕರೆ ಅಚ್ಚು ಹಬ್ಬಕ್ಕೆ ಇಡೋದು. ಸಾವಿನ ಎಡೆಗೆ ಯಾರಾದ್ರೂ ಇಡ್ತಾರಾ? ನಿಮ್ಮಪ್ಪಂಗೆ ತಲೆ ಕೆಟ್ಟಿದೆ" ಎಂದು ವಿನುತಾಳಿಗೆ ಹೇಳಿದ. ಅವಳು ಮಾವನ ಮಾತಿಗೆ ಎದುರಾಡಲಿಲ್ಲ, ಅಪ್ಪನನ್ನು ತಡೆಯಲೂ ಇಲ್ಲ.

ಅಂದಿನಿಂದ ಅವನು ದಿನಾ ಬೆಳಿಗ್ಗೆ ಅವಳ ಮಂಚದ ಅಂಚಿನಲ್ಲಿ ಕೂತು ಕಿಟಕಿಯಿಂದ ಹೊರಗೆ ನೋಡಲು ಶುರು ಮಾಡಿದ. ಆಸ್ಪತ್ರೆಯಲ್ಲಿ ರೋಗಿ ನೋಡಲು ಬಂದವರ ಹಾಗೆ ಅಂಚಿನಲ್ಲೇ ಕೂರುತ್ತಿದ್ದ, ಅವಳ ದಿಂಬು ಮುಟ್ಟುತ್ತಿರಲಿಲ್ಲ. ಮಾರ್ಚಿನಲ್ಲಿ ಹೊಂಗೆ ತುಂಬ ಎಳೆ ಚಿಗುರು ಬಂದು, ಎಣ್ಣೆ ಹಚ್ಚಿದ ಹಾಗೆ ಹೊಳೆಯಿತು. ಇದೇ ಇರಬೇಕು ಎಂದು ಚಿಗುರು ಕೆತ್ತಿದ. ಕೆತ್ತಿ ನೋಡಿದರೆ ಎಲೆ, ಬರೀ ಎಲೆ. ಏಪ್ರಿಲ್‌ನಲ್ಲಿ ಹೂ ಉದುರಿ ಕಿಟಕಿಯಾಚೆಯ ಗಲ್ಲಿಯಲ್ಲಿ ಅರಳು ಚೆಲ್ಲಿದ ಹಾಗಾಯಿತು, ಕಸ ಗುಡಿಸುವ ಮುನಿಲಕ್ಷ್ಮಮ್ಮ ಶಾಪ ಹಾಕುತ್ತ ಗುಡಿಸಿದಳು. ಆಷಾಢದ ಗಾಳಿಗೆ ಪಿಕಳಾರದ ಗೂಡು ಕಿತ್ತು ಬಿತ್ತು, ಮಾರನೇ ದಿನವೇ ಅದೇ ಕೊಂಬೆಯಲ್ಲಿ ಹಕ್ಕಿ ಮತ್ತೆ ಶುರು ಮಾಡಿತು. ಗೂಡು ಕೆತ್ತಿದ, ಹಕ್ಕಿ ಕೆತ್ತಿದ, ಅಳಿಲು ಕೆತ್ತಿದ. ನಾಲ್ಕು ಅಚ್ಚಾದವು. ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಇದಲ್ಲ ಎಂದು ಪಕ್ಕಕ್ಕಿಟ್ಟ. ಇದಲ್ಲ ಎಂದು ಹೇಗೆ ಗೊತ್ತು ಅಂದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ವಿಚಿತ್ರ ಅಂದರೆ, ಬದುಕಿನಲ್ಲಿ ಮೊದಲ ಸಲ ಅವನಿಗೆ ಕಾಣತೊಡಗಿತು. ಮಳೆ ನಿಂತ ಮೇಲೆ ವೈರಿನ ಮೇಲೆ ಹನಿಗಳು ಒಂದನ್ನೊಂದು ಹಿಂಬಾಲಿಸುವುದು, ಕಾಫಿಯ ಹಬೆ ಚಳಿಯಲ್ಲಿ ಬೇರೆ ರೀತಿ ಏಳುವುದು, ಡಿಸೆಂಬರಿನಲ್ಲಿ ಅವರೆಯ ಸೊಗಡು ಮೂಟೆ ಬಿಚ್ಚುವ ಮೊದಲೇ ಬೀದಿಗೆ ಬರುವುದು. ಕಂಡಾಗಲೆಲ್ಲ ಬಾಯಿ ತೆರೆದು, "ನೋಡಿಲ್ಲಿ" ಅನ್ನಲು ತಿರುಗುತ್ತಿದ್ದ. ಕೋಣೆ ಖಾಲಿ. ಇಷ್ಟು ವರ್ಷ ಅವಳು ಇದನ್ನೆಲ್ಲ ಕಂಡು, ಅದರಲ್ಲಿ ಎಷ್ಟನ್ನು ತನಗೆ ಹೇಳದೆ ನುಂಗಿಕೊಂಡಳೋ ಎಂದು ಅವನಿಗೆ ಸಂಕಟವಾಗುತ್ತಿತ್ತು. ಒಂದು ದಿನ ಸುಪ್ರಜಾ ದಾರಿಯಲ್ಲಿ ಸಿಕ್ಕಾಗ ಅವಳನ್ನು ನಿಲ್ಲಿಸಿ, "ಅವತ್ತು ನಾನು ಸುಳ್ಳು ಹೇಳ್ದೆ ಕಣಮ್ಮ. ಅದನ್ನ ತೆಗೆದ್ಬಿಡು. ಎಲ್ಲಾ ಅವಳು ತೋರಿಸಿದ್ದು" ಅಂದ. ಆಗಲಿ ತಾತ ಅಂದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಸಾವಿನ ವರ್ಷವಾದ್ದರಿಂದ ಆ ಸಂಕ್ರಾಂತಿ ಮನೆಗೆ ಬರಲಿಲ್ಲ. ಪಾಕ ಕಾಯಲಿಲ್ಲ, ಗಿರಾಕಿಗಳೂ ಕೇಳಲಿಲ್ಲ. ಸಂಜೆ ಗವಿ ದೇವಸ್ಥಾನದ ಕಡೆ ಜನ ಹೋಗುತ್ತಿರುವುದನ್ನು ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದಾಗ, ತಾನೇ ಗಾಂಧಿಬಜಾರಿನಲ್ಲಿ ಸಾವಿರ ಸಲ ಹೇಳಿದ ಮಾತು ಅವನಿಗೆ ನೆನಪಾಯಿತು. ಬಿಸಿಲಿಗೆ ತನ್ನ ದಿನ ಗೊತ್ತು. ಅವಳು ಹೇಳಿದ್ದೂ ಬಿಸಿಲು ಹೋಯ್ತು ಅಂತಲ್ಲವೇ? ಹಾಗಾದರೆ ಅದು ಹಕ್ಕಿಯೂ ಅಲ್ಲ, ಎಲೆಯೂ ಅಲ್ಲ. ಅದೇ ದಿನ, ಅದೇ ಹೊತ್ತಿಗೆ ಬರುವ ಬಿಸಿಲು. ಫೆಬ್ರವರಿ ಇಪ್ಪತ್ತಾರಕ್ಕೆ ಅದು ಮತ್ತೆ ಬಂದೇ ಬರುತ್ತದೆ, ತಾನು ಕಾದಿದ್ದರೆ ಸಾಕು. ಆಮೇಲೆ ಎಡೆಗೆ ಎರಡು ದಿನ ಉಳಿಯುತ್ತದೆ. ಎರಡು ದಿನದಲ್ಲಿ ಒಂದು ಅಚ್ಚು ಕೆತ್ತಬಲ್ಲೆ ಎಂಬ ಧೈರ್ಯ ಅವನಿಗಿತ್ತು.

ಇಪ್ಪತ್ತಾರರ ದಿನ ಆರೂವರೆಗೇ ಸ್ನಾನ ಮಾಡಿ ಬಂದು ಮಂಚದ ಅಂಚಿನಲ್ಲಿ ಕೂತ. ಏಳಾಯಿತು. ಪೂರ್ವದಲ್ಲಿ ಎರಡು ನಾಲ್ಕಂತಸ್ತಿನ ಕಟ್ಟಡಗಳ ನಡುವಿನ ಸಂದಿಯಲ್ಲಿ ಸೂರ್ಯ ಮೇಲೆ ಬಂದು, ಹೊಂಗೆಯ ಬೋಳು ಕೊಂಬೆಗಳ ಹಿಂದಿನಿಂದ ನೇರ ಕಿಟಕಿಗೆ ಹೊಡೆಯಿತು. ಕಣ್ಣು ಕುಕ್ಕಿ ಏನೂ ಕಾಣಲಿಲ್ಲ. ಅವನಿಗೆ ಅಳು ಬಂತು. ಇನ್ನೇನು ನೋಡಲು ಉಳಿದಿತ್ತು? ಕೂತಿದ್ದ ಮೈ ಸೋತು, ವರ್ಷದಿಂದ ಮುಟ್ಟದ ದಿಂಬಿಗೆ ತಲೆ ಕೊಟ್ಟು, ಅವಳು ಮಲಗಿದ್ದ ಹಾಗೇ ಮಲಗಿದ.

ಮಲಗಿದ ಮೇಲೆ ಗೊತ್ತಾಯಿತು. ಆ ದಿಂಬಿನಿಂದ ಕಿಟಕಿ ಕಾಣುವುದೇ ಇಲ್ಲ. ಕಿಟಕಿ ತಲೆಯ ಹಿಂದೆ. ಕತ್ತು ಹೊರಳದ ಹೆಂಗಸಿಗೆ ಹೊಂಗೆ ಮರ ತೋರಿಸುತ್ತೇನೆ ಎಂದು ತಲೆದೆಸೆಗೆ ಕಿಟಕಿ ಇಟ್ಟ ಮಹಾನುಭಾವ ಅವನು. ನಾಲ್ಕು ತಿಂಗಳು ಅವಳು ಒಂದು ಎಲೆಯನ್ನೂ ನೋಡಿರಲಿಲ್ಲ, ಒಂದು ಸಲವೂ ಹಾಗಂತ ಹೇಳಿರಲಿಲ್ಲ. ಆ ದಿಂಬಿನಿಂದ ಕಾಣುತ್ತಿದ್ದುದು ಕಾಲ ಕಡೆಯ ಗೋಡೆ, ಅದರ ನಡುವೆ ತೆರೆದ ಬಾಗಿಲು, ಬಾಗಿಲಾಚೆ ಮೆಟ್ಟಿಲು.

ಮೆಟ್ಟಿಲ ಮೇಲೆ ವಿನುತಾ ಅಂಗಡಿಗೆ ಸೊಪ್ಪು ಕಟ್ಟುತ್ತ, ಬೀದಿಗೆ ಮುಖ ಮಾಡಿ ಕೂತಿದ್ದಳು. ಕಿಟಕಿಯಿಂದ ಬಂದ ಬಿಸಿಲು ಅವನ ತಲೆಯ ಮೇಲಿಂದ ಇಡೀ ಕೋಣೆ ದಾಟಿ, ಬಾಗಿಲಿಂದ ಹೊರಗೆ ಹೋಗಿ, ಅವಳ ಬೆನ್ನ ಮೇಲೆ ಬಿದ್ದಿತ್ತು. ಬೇರೆಲ್ಲೂ ಇಲ್ಲ, ಬೆನ್ನ ಮೇಲೆ ಮಾತ್ರ. ಅದರೊಳಗೆ ಹೊಂಗೆಯ ಒಂದು ಕೊಂಬೆಯ ನೆರಳು, ತುದಿಯಲ್ಲಿ ಮೂರು ಹೊಸ ಎಲೆ. ಅವಳು ಕಟ್ಟು ಬಿಗಿಯಲು ಭುಜ ಎತ್ತಿದಾಗಲೆಲ್ಲ ಕೊಂಬೆ ಎದ್ದು, ಎಲೆ ಅಲುಗಿ, ಬೆನ್ನಿನಿಂದಲೇ ಚಿಗುರಿದ ಹಾಗೆ ಕಾಣುತ್ತಿತ್ತು.

ಹೋದ ವರ್ಷ ಇದೇ ದಿನ, ಇದೇ ಹೊತ್ತಿಗೆ ಆ ಮೆಟ್ಟಿಲ ಮೇಲೆ ಕೂತಿದ್ದವನು ಅವನು. ಮೈಮೇಲೆ ಬಿಳಿ ಬನೀನು. ಅವಳು ಕಂಡದ್ದು ಅವನ ಬೆನ್ನು.

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ, ಅವನಿಗೆ ಕಂಡಿರಲಿಲ್ಲ. ಅವಳಿಗೆ ಅದು ಕಂಡಿತು, ಚೆಂದ ಕಂಡಿತು, ಕರೆದು ಹೇಳಿದಳು. ಬೆನ್ನು ಬೆನ್ನಾಗಿಯೇ ಉಳಿಯಿತು. ಮುನಿಗಂಗಪ್ಪ ದಿಂಬಿಗೆ ಮುಖ ಒತ್ತಿಕೊಂಡು ಅತ್ತ. ವಿನುತಾ ಸದ್ದು ಕೇಳಿ ತಿರುಗಲು ಹೋದಾಗ, "ತಿರುಗ್ಬೇಡ ಕಣೇ. ಹಾಗೇ ಕೂತಿರು. ಬಿಸಿಲು ಹೋಗೋವರ್ಗೂ ಕೂತಿರು" ಅಂದ. ಮಗಳಿಗೆ ಅಪ್ಪನದೇ ಬೆನ್ನು ಎಂದು ದ್ರೌಪದಮ್ಮ ಯಾವಾಗಲೂ ಹೇಳುತ್ತಿದ್ದಳು, ಈಗ ಅದು ಕೆಲಸಕ್ಕೆ ಬಂತು.

ಎರಡು ದಿನ ಅವನು ಉಳಿ ಕೆಳಗಿಡಲಿಲ್ಲ. ಅವನು ಮನುಷ್ಯರನ್ನು ಕೆತ್ತಿದ್ದು ಅದೇ ಮೊದಲು. ಕೂತ ಬೆನ್ನು, ಸ್ವಲ್ಪ ಬಾಗಿದ ಕತ್ತು, ಬೆನ್ನ ಮೇಲೊಂದು ಕೊಂಬೆ, ಮೂರು ಎಲೆ. ಇಪ್ಪತ್ತೇಳರ ಸಂಜೆಗೆ ಮುಗಿಯಿತು. ಬೆರಳಾಡಿಸಿ ನೋಡಿ, ಇದೇ ಅಂದ. ಹಾಗೇ ಸ್ಟೌ ಹಚ್ಚಿಸಿ, ವಿನುತಾಳಿಂದ ಪಾಕ ಮಾಡಿಸಿ, ದಾರ ಬಿಗಿದು ಹುಯ್ದ. ಕಾಲು ಗಂಟೆ ಬಿಟ್ಟು ದಾರ ಬಿಚ್ಚಿದರೆ ಒಂದು ಹೋಳು ಬಂತು, ಇನ್ನೊಂದು ಬರಲಿಲ್ಲ. ಸಕ್ಕರೆ ಮರವನ್ನು ಕಚ್ಚಿಕೊಂಡಿತ್ತು. ತಟ್ಟಿದ, ಕೂದಲೆಳೆಯಷ್ಟು ಎತ್ತಿ ನೋಡಿದ, ಅಂಚು ಪುಡಿಯಾಯಿತು.

"ಅಚ್ಚನ್ನ ನೆನೆಹಾಕಿದ್ರಾ ಅಪ್ಪ?" ಎಂದು ವಿನುತಾ ಮೆಲ್ಲಗೆ ಕೇಳಿದಳು.

ಅವನು ಪೆದ್ದನ ಹಾಗೆ ಅವಳ ಮುಖ ನೋಡಿದ. ಹುಯ್ಯುವ ಹಿಂದಿನ ರಾತ್ರಿ ಅಚ್ಚುಗಳನ್ನು ನೀರಿನಲ್ಲಿ ನೆನೆಸಿಡಬೇಕು, ಮರ ನೀರು ಕುಡಿದಿದ್ದರೆ ಮಾತ್ರ ಗೊಂಬೆ ಬಿಡುತ್ತದೆ. ಆಚಾರಿ ಹೇಳಿಕೊಟ್ಟ ಮೊದಲ ಪಾಠ. ನಲವತ್ತೆರಡು ವರ್ಷ ಬೆಳಿಗ್ಗೆ ಎದ್ದಾಗ ಅಚ್ಚುಗಳೆಲ್ಲ ನೆಂದು ತಯಾರಾಗಿರುತ್ತಿದ್ದವು. ಯಾರು ನೆನೆಹಾಕುತ್ತಾರೆ ಎಂದು ಅವನು ಒಂದು ದಿನವೂ ಯೋಚಿಸಿರಲಿಲ್ಲ. "ಮತ್ತೆ ಬಿಸಿನೀರಲ್ಲಿ ಕರಗಿಸಿ ಹುಯ್ಯೋಣ" ಎಂದಳು ಮಗಳು. "ಬೇಡ, ಇರ್ಲಿ. ಇದೂ ಅವಳಿಗೆ ಗೊತ್ತಾಗ್ಲಿ" ಅಂದ.

ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಎಡೆ ಇಡಬೇಕು ಎಂದು ಹಟ ಹಿಡಿದ. "ಬೆಳಗಾಗೆದ್ದು ಮುದ್ದೆ ಉಣ್ಣಕ್ಕೆ ನನ್ನ ತಂಗಿ ಏನು ಗದ್ದೆಗೆ ಹೋಗ್ಬೇಕಾ?" ಎಂದು ಬೈರಯ್ಯ ಗೊಣಗಿದ. ಆದರೂ ಬಂದ. ಕೋಣೆಯ ಮೂಲೆಯಲ್ಲಿ ಬಾಳೆಲೆ ಹಾಕಿ ಮುದ್ದೆ, ಅವರೆಕಾಳು ಸಾರು, ಕಜ್ಜಾಯ, ಒಂದು ಲೋಟ ಕಾಫಿ ಇಟ್ಟರು. ಎಲೆಯ ತುದಿಯಲ್ಲಿ ಮುನಿಗಂಗಪ್ಪ ಸಕ್ಕರೆ ಕಚ್ಚಿಕೊಂಡ ಅರ್ಧ ಅಚ್ಚನ್ನು ಇಟ್ಟ. ಬೈರಯ್ಯ ಅದನ್ನು ನೋಡಿ, ಎಲೆಯಿಂದ ಜಾರದ ಹಾಗೆ ಒಳಕ್ಕೆ ಸರಿಸಿದ.

ಧೂಪ ಹಾಕಿ ಎಲ್ಲರೂ ಹೊರಗೆ ಬಂದರು. ಪದ್ಧತಿಯಂತೆ ಬೈರಯ್ಯ ಬಾಗಿಲು ಎಳೆದುಕೊಳ್ಳಲು ಹೋದ. ಮುನಿಗಂಗಪ್ಪ ಅವನ ಕೈ ಹಿಡಿದ.

"ಬಾಗಿಲು ತೆಗೆದಿರ್ಲಿ ಭಾವ. ಕಿಟಕಿನೂ ತೆಗೆದಿಟ್ಟಿದೀನಿ."

ಆಮೇಲೆ ಅಂಗಿ ಬಿಚ್ಚಿ ಮಗಳ ಕೈಗೆ ಕೊಟ್ಟು, ಬಿಳಿ ಬನೀನಿನಲ್ಲಿ ಮೆಟ್ಟಿಲ ಮೇಲೆ ತನ್ನ ಹಳೆಯ ಜಾಗದಲ್ಲಿ, ಬೀದಿಗೆ ಮುಖ ಮಾಡಿ ಕೂತ. ಸಬ್ಬಸಿಗೆ ಸೊಪ್ಪಿನ ಹೊರೆಯನ್ನು ಮುಂದಕ್ಕೆಳೆದುಕೊಂಡ. ನೆಂಟರು ಮುಖ ಮುಖ ನೋಡಿಕೊಂಡರು. ವಿನುತಾ ಮಾತ್ರ ಬಾಗಿಲಿಗೆ ಅಡ್ಡ ನಿಂತವರನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

ಏಳೂಕಾಲಕ್ಕೆ ಬೆನ್ನು ಬೆಚ್ಚಗಾಯಿತು. ಅವನು ಒಂದು ಕಟ್ಟು ಬಿಗಿದ, ಇನ್ನೊಂದು ಬಿಗಿದ. ಒಳಗಿನಿಂದ ಯಾರಾದರೂ ಕರೆದರೆ ಕೇಳಲಿ ಎಂದು ಉಸಿರನ್ನೂ ಮೆಲ್ಲಗೆ ಬಿಟ್ಟ. ಯಾರೂ ಕರೆಯಲಿಲ್ಲ. ತಿರುಗಿ ನೋಡಬೇಕು ಎಂದು ಮೈಯೆಲ್ಲ ಎಳೆಯುತ್ತಿತ್ತು, ತಿರುಗಿದರೆ ಬೆನ್ನು ಇರುವುದಿಲ್ಲ ಎಂದು ತಿರುಗಲಿಲ್ಲ. ಹತ್ತನೇ ಕಟ್ಟಿನ ಹೊತ್ತಿಗೆ ಬೆನ್ನು ತಣ್ಣಗಾಯಿತು.

"ಸಾಕೇನಪ್ಪ? ಎಡೆ ತೆಗೆಯೋಣ್ವಾ?" ಎಂದು ಬೈರಯ್ಯ ಕೇಳಿದ.

"ಹ್ಞೂಂ" ಅಂದ ಮುನಿಗಂಗಪ್ಪ. ಮಂಡಿ ಹಿಡಿದುಕೊಂಡು ಎದ್ದು, ಕೈ ಒರೆಸಿಕೊಂಡು ಒಳಗೆ ಹೋದ.